ಅಳಿಯದೇವರ ಗೇರ್ ಬಾಕ್ಸ್

ಟೀಚರು ಮೂವತ್ತೊಂದು ವರ್ಷ ಜನರಿಗೆ ಕಾರು ಓಡಿಸುವುದನ್ನು ಕಲಿಸಿದರು, ಮೂವತ್ತೊಂದು ವರ್ಷವೂ ಪಕ್ಕದ ಸೀಟಿನಲ್ಲೇ ಕೂತರು. ಇದನ್ನು ಯಾರೂ ಯೋಚಿಸಿ ನೋಡುವುದಿಲ್ಲ. ಡ್ರೈವಿಂಗ್ ಸ್ಕೂಲು ಅವರದೇ, ಕಾರು ಅವರದೇ, ಪೆಟ್ರೋಲೂ ಅವರದೇ. ಸ್ಟೀರಿಂಗ್ ಮಾತ್ರ ಸದಾ ಪರರ ಕೈಯಲ್ಲಿ. ಅದೂ ಎಂಥವರ ಕೈಯಲ್ಲಿ? ಎಡ ಯಾವುದು ಬಲ ಯಾವುದು ಅಂತ ವಾಚು ಕಟ್ಟಿದ ಕೈ ನೋಡಿ ನೆನಪು ಮಾಡಿಕೊಳ್ಳುವವರ ಕೈಯಲ್ಲಿ. ಪಕ್ಕದ ಸೀಟಿನ ಕೆಳಗೆ ಟೀಚರಿಗಾಗಿಯೇ ಎರಡು ಚಿಕ್ಕ ಪೆಡಲುಗಳಿದ್ದವು, ಎಡಗಾಲಿಗೆ ಕ್ಲಚ್ಚು, ಬಲಗಾಲಿಗೆ ಬ್ರೇಕು. ಆ ಎರಡನ್ನೇ ನಂಬಿಕೊಂಡು ಊರಿನ ಅರ್ಧ ಜನರನ್ನು ಕಂಬ, ಕಾಂಪೌಂಡು, ಚರಂಡಿಗಳಿಂದ ಕಾಪಾಡಿ, ಐವತ್ತೆಂಟು ತುಂಬಿದ ತಿಂಗಳು ಸ್ಕೂಲನ್ನು ಮಾರಿ ಕೈ ತೊಳೆದುಕೊಂಡರು.

ಮಾರಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹಳೆಯ ಸ್ಪೋರ್ಟ್ಸ್ ಕಾರು ಕೊಂಡದ್ದು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಅದನ್ನು ಓಡಿಸಿಕೊಂಡು ಮನೆಗೆ ಬಂದ ದಿನ ಅವರ ಗಂಡ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದು ಕಾರಿಗೆ ಒಂದು ಸುತ್ತು ಹಾಕಿದರು. ಅವರು ದರ್ಜಿ, ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ.

"ಡಿಕ್ಕಿ ಎಲ್ಲಿ?" ಅಂದರು. ಟೀಚರು ತೆರೆದು ತೋರಿಸಿದರು. "ಎರಡು ಕೋಟು ಮಡಿಸಿಟ್ರೆ ಮೂರನೇದಕ್ಕೆ ಜಾಗ ಇಲ್ಲ. ಕೆಲ್ಸ ಮಾಡಲ್ಲ, ಸಾಮಾನು ಹೊರಲ್ಲ, ಕುಡಿಯೋದು ಮಾತ್ರ ದುಬಾರಿ ಪೆಟ್ರೋಲು, ಎಲ್ರೂ ಸುತ್ತು ಬಳಸಿ ಮರ್ಯಾದೆಯಿಂದ ಓಡಾಡ್ಬೇಕು. ಮಗಳಿಲ್ಲದ ಮನೆಗೆ ಅಳಿಯ ಬಂದ ಹಾಗಾಯ್ತು."

ಅಂದಿನಿಂದ ಕಾರಿಗೆ ಅಳಿಯದೇವರು ಅಂತಲೇ ಹೆಸರು. ದರ್ಜಿಯವರ ಮೂಗು ಮುರಿಯುವ ಕಾರ್ಯಕ್ರಮ ಅಲ್ಲಿಗೆ ಮುಗಿಯಲಿಲ್ಲ. ಇಂಥ ಕಾರಿನಲ್ಲಿ ಗೇರ್ ಬಾಕ್ಸ್ ಒಂದು ಕೆಟ್ಟರೆ ಮನೆ ಮಠ ಎಲ್ಲ ನುಂಗುತ್ತದೆ ಅಂತ ಅವರಿಗೆ ಯಾರೋ ಗಿರಾಕಿ ಹೇಳಿದ್ದ. ಆ ಗಿರಾಕಿಗೆ ಸೈಕಲ್ಲೂ ಇರಲಿಲ್ಲ, ಅದು ಬೇರೆ ಮಾತು. ವಾರವಿಡೀ ಅದೇ ರಾಗ ಕೇಳಿ ಕೇಳಿ ಟೀಚರಿಗೆ ಪಿತ್ತ ನೆತ್ತಿಗೇರಿತು.

"ಸರಿ, ಕೇಳಿಸ್ಕೊಳ್ಳಿ. ಇದರ ಗೇರ್ ಬಾಕ್ಸ್ ಬಿಚ್ಚೋ ದಿನ ಬಂದ್ರೆ ಆವತ್ತೇ ಮಾರಿಬಿಡ್ತೀನಿ. ಒಂದು ಮಾತೂ ಆಡಲ್ಲ. ಅಲ್ಲೀವರೆಗೆ ನೀವೂ ಒಂದು ಮಾತೂ ಆಡಬೇಡಿ."

"ಮಾತು ಅಂದ್ರೆ ಮಾತು ತಾನೆ?"

"ನಾನು ಯಾವಾಗ ಮಾತಿಗೆ ತಪ್ಪಿದ್ದೀನಿ?"

ತಪ್ಪಿರಲಿಲ್ಲ. ಅದೇ ಟೀಚರ ತಾಪತ್ರಯ. ಸಿಟ್ಟಿನಲ್ಲಿ ಕೊಟ್ಟ ಮಾತನ್ನೂ ಸ್ಟಾಂಪು ಪೇಪರಿನಲ್ಲಿ ಬರೆದುಕೊಟ್ಟಂತೆ ನಡೆಸುವ ಹೆಂಗಸು ಅವರು. ದರ್ಜಿಯವರು ಆಮೇಲೆ ನಿಜಕ್ಕೂ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕು ತಿಂಗಳು ಟೀಚರು ಬಲು ಸುಖವಾಗಿದ್ದರು. ಬೆಳಗಾದರೆ ಕಾರು ತೆಗೆಯುವರು, ಕೆಲಸವಿರಲಿ ಇಲ್ಲದಿರಲಿ. ತರಕಾರಿಗೆ ಹೋಗಲು ಎರಡು ಬೀದಿ ಸಾಕು; ಅವರು ಊರು ಸುತ್ತಿ ಹನ್ನೆರಡು ಬೀದಿ ಬಳಸಿ ಹೋಗುವರು. ಯಾರಿಗೂ "ಕನ್ನಡಿ ನೋಡು, ಕನ್ನಡಿ ನೋಡು" ಅನ್ನಬೇಕಾಗಿಲ್ಲ. ಆ ಕಾರಿಗೆ ಕ್ಲಚ್ ಪೆಡಲೇ ಇಲ್ಲ. ಒಳಗೆ ಎರಡು ಕ್ಲಚ್ಚುಗಳಿದ್ದು, ಗೇರು ಬದಲಿಸುವ ಕೆಲಸವನ್ನು ಯಂತ್ರವೇ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಕಾಲಿಗೆ ಸಿಗುವುದು ಎರಡೇ, ಆಕ್ಸಲರೇಟರ್ ಮತ್ತು ಅಗಲವಾದ ಬ್ರೇಕು.

ಐದನೇ ತಿಂಗಳು ಕಾರು ಜಗ್ಗತೊಡಗಿತು. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಒಂದು ಸಲ ಮುಗ್ಗರಿಸುವುದು, ನಿಧಾನ ಹೋಗುವಾಗ ಯಾರೋ ಹಿಂದಿನಿಂದ ಕತ್ತಿನ ಪಟ್ಟಿ ಹಿಡಿದು ಎಳೆದಂತಾಗುವುದು. ಒಂದು ದಿನ ಏರಿನಲ್ಲಿ ಗೇರ್ ಬಾಕ್ಸ್ ಬಿಸಿಯಾಗಿದೆ ಎಂಬ ಹಳದಿ ದೀಪ ಹತ್ತಿತು. ಆ ದೀಪ ನೋಡಿದಾಗ ಟೀಚರಿಗೆ ತಾವು ಕೊಟ್ಟ ಮಾತು ನೆನಪಾಯಿತು. ಮನೆಗೆ ಬಂದು ಗಂಡನಿಗೆ ಹೇಳದೆ ಇರಬಹುದಿತ್ತು. ಅವರು ನೇರವಾಗಿ ಹೋಗಿ ಹೇಳಿದರು.

ದರ್ಜಿಯವರು ಮಿಷಿನ್ನು ನಿಲ್ಲಿಸಿ, ದಾರ ಕತ್ತರಿಸಿ, "ಒಳ್ಳೆ ಅಂಗಡಿ ನೋಡಿ ತೋರಿಸು" ಅಂದರು, ಅಷ್ಟೆ. ಆಡಬೇಡಿ ಅಂದಿದ್ದಕ್ಕೆ ಅವರೂ ಆಡಲಿಲ್ಲ. ಅದು ಟೀಚರನ್ನು ಇನ್ನಷ್ಟು ಉರಿಸಿತು.

ಒಳ್ಳೆ ಅಂಗಡಿ ನೋಡು ಅನ್ನುವುದು ಸುಲಭ. ಬ್ರೆಡ್ಡು ಹಳಸಿದ್ದರೆ ಮೂಗಿಗೆ ಗೊತ್ತಾಗುತ್ತದೆ, ಅಂಗಿ ಬಿಗಿಯಾದರೆ ಮೈಗೆ ಗೊತ್ತಾಗುತ್ತದೆ. ಗೇರ್ ಬಾಕ್ಸ್ ಅಂಗಡಿಯವನು ಒಳ್ಳೆಯವನೋ ಕಳ್ಳನೋ ಅಂತ ಯಾವ ಅಂಗಕ್ಕೆ ಗೊತ್ತಾಗಬೇಕು? ಕಾರು ಕಲಿಸಿದವರಿಗೆ ಕಾರಿನ ಹೊಟ್ಟೆಯೊಳಗಿನದು ಗೊತ್ತಿರುತ್ತದೆ ಅಂತ ಜನ ತಿಳಿದಿರುತ್ತಾರೆ. ಟೀಚರಿಗೆ ಗೊತ್ತಿದ್ದದ್ದು ಒಂದೇ: ಸೀಟಿನಲ್ಲಿ ಕೂತ ಮನುಷ್ಯ ಮೊದಲ ನಿಮಿಷದಲ್ಲಿ ಏನು ಮಾಡುತ್ತಾನೆ ಎಂಬುದನ್ನು ನೋಡಿ, ಇವನು ಪಾಸೋ ಫೇಲೋ ಹೇಳುವುದು.

ಮೊದಲನೆಯದು ಗಾಜಿನ ಗೋಡೆಯ ದೊಡ್ಡ ಅಂಗಡಿ. ನೆಲ ಎಷ್ಟು ಫಳಫಳ ಅಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕೇನೋ ಅನಿಸುವಂತೆ. ಇಸ್ತ್ರಿ ಅಂಗಿಯ ಮ್ಯಾನೇಜರು ಬಾಗಿಲು ತೆರೆದು ಕಾರಿಗೆ ಒಂದು ವೈರು ಸಿಕ್ಕಿಸಿದ, ಕೈಯಲ್ಲಿದ್ದ ಪರದೆ ನೋಡಿದ, ನಾಲ್ಕು ನಿಮಿಷದಲ್ಲಿ ತೀರ್ಪು ಕೊಟ್ಟ.

"ಗೇರ್ ಬಾಕ್ಸ್ ಪೂರ್ತಿ ಬದಲಿಸ್ಬೇಕು ಮೇಡಂ. ಹೊಸದು ತರಿಸ್ತೀವಿ."

"ಓಡಿಸಿ ನೋಡಲ್ವಾ?"

"ಅದರ ಅಗತ್ಯ ಇಲ್ಲ. ಪರದೆ ಎಲ್ಲಾ ಹೇಳುತ್ತೆ."

"ಯಾವಾಗ ಜಗ್ಗುತ್ತೆ, ಎಲ್ಲಿ ಜಗ್ಗುತ್ತೆ, ಏನೂ ಕೇಳಲ್ವಾ?"

ಮ್ಯಾನೇಜರು ನಕ್ಕ. ಸಣ್ಣ ಮಕ್ಕಳ ಪ್ರಶ್ನೆಗೆ ನಗುವ ನಗು ಅದು. ಇವನು ಸೀಟಿನಲ್ಲಿ ಕೂರಲೂ ಇಲ್ಲ. ಕೂರದವನಿಗೆ ಟೀಚರು ಜೀವಮಾನದಲ್ಲಿ ಮಾರ್ಕು ಕೊಟ್ಟವರಲ್ಲ. ಅವನು ಹೇಳಿದ ಮೊತ್ತ ಕೇಳಿ "ಇಷ್ಟಕ್ಕೆ ಇನ್ನೊಂದು ಕಾರೇ ಬರುತ್ತಲ್ಲಪ್ಪ" ಅಂದು, ಕೀಲಿ ಇಸಿದುಕೊಂಡು ಹೊರಬಿದ್ದರು.

ಎರಡನೆಯದು ರೈಲು ಸೇತುವೆಯ ಕೆಳಗಿನ ಗ್ಯಾರೇಜು. ಅಲ್ಲಿನ ಮಾಲೀಕ ಮಾತಿಗೆ ಮುಂಚೆ ಅಮ್ಮ, ಮಾತಾದ ಮೇಲೆ ಅಮ್ಮ. ಕುರ್ಚಿ ಒರೆಸಿ ಕೊಟ್ಟ, ಫ್ಯಾನು ತಿರುಗಿಸಿದ. ಇವನು ಸೀಟಿನಲ್ಲಿ ಕೂತನಪ್ಪ, ಅದನ್ನು ಒಪ್ಪಬೇಕು. ಇಂಜಿನ್ ಶುರು ಮಾಡಿ, ಕಣ್ಣು ಮುಚ್ಚಿ, ಎದೆಯ ಬಡಿತ ಕೇಳುವ ಡಾಕ್ಟರ ಹಾಗೆ ತಲೆ ಆಡಿಸಿದ.

"ಕ್ಲಚ್ ಸುಟ್ಟಿದೆ ಅಮ್ಮ. ದೊಡ್ಡ ಅಂಗಡಿಯವರು ಕೇಳೋದರಲ್ಲಿ ಅರ್ಧ ಕೊಡಿ ಸಾಕು. ಇವತ್ತೇ ಬಿಚ್ಚಿಬಿಡ್ತೀನಿ. ನಿಮಗೆ ನಂಬಿಕೆ ಬರ್ಲಿ ಅಂತ ಹೇಳ್ತಿದೀನಿ, ಸುಟ್ಟ ಪ್ಲೇಟು ಕಣ್ಣಾರೆ ತೋರಿಸ್ತೀನಿ."

ಕಣ್ಣಾರೆ ತೋರಿಸುತ್ತೇನೆ ಎಂದ ಮೇಲೆ ಇನ್ನೇನು ಬೇಕು? ಬಿಚ್ಚಿದರೆ ಮಾರಲೇಬೇಕು ಎಂಬುದು ನೆನಪಿದ್ದರೂ ಟೀಚರ ಮನಸ್ಸು ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ಬೇರೊಬ್ಬ ಗಿರಾಕಿ ಬಂದ, ಬಿಳಿ ಕಾರಿನವನು. ಮಾಲೀಕ ಅವನ ಕೈಗೆ ಕಪ್ಪಗೆ ಸುಟ್ಟ, ಅಂಚಿನಲ್ಲಿ ಮೂರು ಹಲ್ಲು ಮುರಿದ ಪ್ಲೇಟೊಂದನ್ನು ಕೊಟ್ಟು, "ನೋಡಿ ಸಾರ್, ನಿಮ್ಮ ಗಾಡಿಯಲ್ಲಿ ಇದ್ದದ್ದು ಇದು" ಅಂದ. ಗಿರಾಕಿ ಲೊಚಗುಟ್ಟಿದ, ಹಣ ಎಣಿಸಿದ, ಹೋದ. ಮಾಲೀಕ ಪ್ಲೇಟನ್ನು ಎಸೆಯಲಿಲ್ಲ. ಬಟ್ಟೆಯಲ್ಲಿ ಒರೆಸಿ, ಜೋಪಾನವಾಗಿ ಕಪಾಟಿನ ಎರಡನೇ ಅರೆಯಲ್ಲಿಟ್ಟ. ದುಡಿಯುವ ಪ್ಲೇಟಲ್ಲವೇ, ಎಸೆಯುವುದುಂಟೇ?

ಟೀಚರು ಎದ್ದರು. "ಸುಟ್ಟ ಪ್ಲೇಟು ಕಣ್ಣಾರೆ ನೋಡಿಯಾಯ್ತು. ಬರ್ತೀನಿ" ಅಂದರು. ಮಾಲೀಕನ ಬಾಯಿಂದ ಅಮ್ಮ ಹೊರಡಲಿಲ್ಲ.

ಸಿಟ್ಟಿನಲ್ಲೇ ಕಾರು ತೆಗೆದದ್ದು. ಸೇತುವೆ ದಾಟಿದ ಮೇಲೆ ಉದ್ದನೆಯ ಏರು, ಮುಂದೆ ಲಾರಿಗಳ ಸಾಲು, ಹೆಜ್ಜೆ ಹೆಜ್ಜೆಗೂ ನಿಂತು ಹೊರಡಬೇಕು. ಅಳಿಯದೇವರು ಮೂರು ಸಲ ಮುಗ್ಗರಿಸಿದರು, ಹಳದಿ ದೀಪ ಹೋಗಿ ಕೆಂಪು ದೀಪ ಬಂತು, ಕಾರು ರಸ್ತೆಯ ಪಕ್ಕಕ್ಕೆ ಹೋಗಿ ಹಟ ಹಿಡಿದ ಎಮ್ಮೆಯಂತೆ ನಿಂತುಬಿಟ್ಟಿತು. ಹಿಂದಿನವರು ಹಾರನ್ನು ಬಾರಿಸಿದರು. ಮೂವತ್ತೊಂದು ವರ್ಷದಲ್ಲಿ ಹಾರನ್ನಿಗೆ ಹೆದರಬೇಡಿ ಅಂತ ಸಾವಿರಾರು ಜನಕ್ಕೆ ಹೇಳಿದ್ದ ಟೀಚರು ಆವತ್ತು ಕಿಟಕಿಯ ಗಾಜು ಏರಿಸಿಕೊಂಡರು. ಕಾರು ಹೋಯಿತು, ಇನ್ನು ಮಾರುವುದೇ, ಅಂತ ಮನಸ್ಸು ಹೇಳಿತು. ಅದಕ್ಕಿಂತ ಕೆಟ್ಟದ್ದೊಂದನ್ನೂ ಹೇಳಿತು: ನಿನಗೆ ವಯಸ್ಸಾಯಿತು, ಓಡಿಸುವುದು ನಿನ್ನ ಕೈಯಲ್ಲಾಗದು.

ಫೋನು ಮಾಡಿದರೆ ಕೆಟ್ಟ ಗಾಡಿ ಎಳೆಯುವ ಲಾರಿ ಬಂತು. ಇಳಿದವನು ನಲವತ್ತರ ಗಿರಿಜಾ ಮೀಸೆಯ ಗಂಡಸು. ಟೀಚರನ್ನು ನೋಡಿದ ಕೂಡಲೇ ಬಾಯಲ್ಲಿದ್ದ ಬೀಡಿ ಹಿಂದಕ್ಕೆ ಎಸೆದ.

"ಟೀಚರ್, ನೀವಾ? ನನ್ನ ನೆನಪಿದೆಯಾ? ನಿಮ್ಮ ಹತ್ರಾನೇ ಕಲ್ತಿದ್ದು."

"ಎರಡು ಸಲ ಫೇಲಾಗಿದ್ದೆ. ರಿವರ್ಸಲ್ಲಿ."

"ಮೂರು ಸಲ ಟೀಚರ್," ಅಂದ ಅವನು, ಹೆಮ್ಮೆಯಿಂದಲೇ. ಕಾರನ್ನು ಲಾರಿಯ ಮೇಲೆ ಹತ್ತಿಸಿ, ಹಗ್ಗ ಬಿಗಿದು, "ಎಲ್ಲಿಗೆ ಬಿಡ್ಲಿ?" ಅಂತ ಕೇಳಿದ.

ಅದೇ ತಾನೇ ಗೊತ್ತಿಲ್ಲದಿರುವುದು. ಟೀಚರು ಲಾರಿಯ ಮುಂದಿನ ಸೀಟಿನಲ್ಲಿ ಕೂತರು. ಆಮೇಲೆ ಅಂದರು, "ನೀನು ದಿನಾ ಇಂಥ ಗಾಡಿ ಎಳೀತೀಯ. ಯಾವ ಅಂಗಡಿ ಒಳ್ಳೇದು ಅಂತ ನಿಂಗೆ ಗೊತ್ತಿರ್ಬೇಕು."

"ಎಲ್ಲಾ ಅಂಗಡಿಯವರೂ ನಂಗೆ ಟೀ ಕೊಡ್ತಾರೆ ಟೀಚರ್. ಟೀ ಕೊಟ್ಟಿದ್ದಕ್ಕೆ ಒಳ್ಳೆಯವರು ಅನ್ನೋ ಹಾಗಿಲ್ಲ." ಅವನು ಗೇರು ಹಾಕಿದ, ಮೊದಲು ಕನ್ನಡಿ ನೋಡಿದ, ಟೀಚರು ಅದನ್ನು ಗಮನಿಸಿದರು. "ನಂಗೆ ಗೊತ್ತಿರೋದು ಒಂದೇ. ಯಾವ ಅಂಗಡಿಯಿಂದ ಹೊರಗೆ ಹೋದ ಗಾಡಿ ತಿಂಗಳೊಳಗೆ ಮತ್ತೆ ನನ್ನ ಕೊಕ್ಕೆಗೆ ಸಿಗುತ್ತೆ, ಯಾವುದು ಸಿಗಲ್ಲ, ಅದು. ಹಳೇ ಗೋದಾಮು ಬೀದಿಯಲ್ಲಿ ಒಬ್ಬ ಇದಾನೆ. ಇಂಥ ಗೇರ್ ಬಾಕ್ಸ್ ಬಿಟ್ಟು ಬೇರೇನೂ ಮುಟ್ಟಲ್ಲ. ಆರು ವರ್ಷದಿಂದ ಅಲ್ಲಿಗೆ ಗಾಡಿ ಬಿಡ್ತಿದೀನಿ, ಅಲ್ಲಿಂದ ಆಚೆ ಬಂದ ಒಂದೇ ಒಂದು ಗಾಡಿ ನಂಗೆ ವಾಪಸ್ ಸಿಕ್ಕಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೆಯೋ ಮನುಷ್ಯ."

"ಮತ್ತೆ ಮೊದಲೇ ಹೇಳೋದಲ್ವಾ?"

"ಅವನ ಬಾಯಿ ಸರಿಯಿಲ್ಲ ಟೀಚರ್. ಎಲ್ರೂ ಗೊಣಗಣ್ಣ ಅಂತಾರೆ. ನಿಮ್ಮಂಥವರನ್ನ ಅವನ ಹತ್ರ ಬಿಡೋಕೆ ಭಯ."

"ನನ್ನ ಬಾಯಿ ಸರಿ ಇದೆ ಅಂತ ನಿಂಗೆ ಯಾರು ಹೇಳಿದ್ರು? ನಡಿ."

ಗೊಣಗಣ್ಣನ ಅಂಗಡಿಗೆ ಬೋರ್ಡು ಇರಲಿಲ್ಲ. ಎತ್ತರದ ಮಾಡು, ಸಿಮೆಂಟು ನೆಲ, ಗೋಡೆಗುಂಟ ಮರದ ಹಲಗೆಗಳು. ಹಲಗೆಯ ಮೇಲೆ ಒಂದೊಂದು ಗಾಡಿಯ ಬೋಲ್ಟುಗಳಿಗೂ ಒಂದೊಂದು ತಟ್ಟೆ, ತಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಮಲಗಿದ ಬೋಲ್ಟುಗಳು, ಪಕ್ಕದಲ್ಲಿ ಗಾಡಿಯ ನಂಬರು ಬರೆದ ಚೀಟಿ. ಟೀಚರಿಗೆ ಗಂಡನ ಗುಂಡಿಗಳ ಡಬ್ಬಗಳ ನೆನಪಾಯಿತು. ಬೆಂಚಿನ ಮುಂದೆ ಐವತ್ತರ ಆಸುಪಾಸಿನ ಒಣಕಲು ಮನುಷ್ಯ ಒಂದು ಹಲ್ಲಿನ ಚಕ್ರಕ್ಕೆ ಬ್ರಷ್ಷಿನಿಂದ ಕಡುನೀಲಿ ಬಣ್ಣದ ಅಂಟು ಸವರುತ್ತಿದ್ದ. ಬಂದವರತ್ತ ತಿರುಗಲಿಲ್ಲ.

"ನಿಂತ್ಕೊಳ್ಳಿ. ಈಗ ಬಿಟ್ರೆ ಒಣಗುತ್ತೆ."

ನೀಲಿ ಸವರಿದ ಚಕ್ರವನ್ನು ಇನ್ನೊಂದು ಚಕ್ರದ ಜೊತೆ ಕೂಡಿಸಿ ಒಂದು ಸುತ್ತು ತಿರುಗಿಸಿದ, ಬಿಡಿಸಿದ, ದೀಪದ ಕೆಳಗೆ ಹಿಡಿದ. ಎರಡನೇ ಚಕ್ರದ ಹಲ್ಲುಗಳ ಮೇಲೆ ನೀಲಿ ಮಚ್ಚೆಗಳು ಬಿದ್ದಿದ್ದವು. "ಎಲ್ಲಿ ತಾಗುತ್ತೋ ಅಲ್ಲಿ ಅಂಟುತ್ತೆ. ಕಣ್ಣು ಸುಳ್ಳು ಹೇಳ್ಬಹುದು, ಇದು ಹೇಳಲ್ಲ" ಅಂತ ತನಗೆ ತಾನೇ ಗೊಣಗಿಕೊಂಡ. ಆಮೇಲೆ ಟೀಚರ ಕಡೆ ನೋಡಿದ.

"ಏನು ತೊಂದ್ರೆ ಅಂತ ಹೇಳ್ಬೇಡಿ. ಎಲ್ರೂ ರೋಗದ ಹೆಸರೇ ಹೇಳ್ಕೊಂಡು ಬರ್ತಾರೆ. ಏನಾಗುತ್ತೆ ಅಂತ ಹೇಳಿ, ಯಾವಾಗ ಆಗುತ್ತೆ ಅಂತ ಹೇಳಿ."

ಟೀಚರು ಹೇಳಿದರು. ಅವನು ಮಧ್ಯೆ ಮಧ್ಯೆ ಕೇಳಿದ. ವೇಗವಾಗಿ ಹೋಗುವಾಗ ಜಗ್ಗುತ್ತಾ? ಇಲ್ಲ. ನಿಧಾನ ಹೋಗುವಾಗ? ಹೌದು. ಮೊದಲಿನ ಮಾಲೀಕರ ಹತ್ತಿರ ಇದ್ದಾಗ ಜಗ್ಗುತ್ತಿತ್ತಾ? ಇಲ್ಲವಂತೆ, ಮೊನ್ನೆ ಆ ಡಾಕ್ಟರಿಗೆ ಫೋನು ಮಾಡಿ ಕೇಳಿದ್ದೆ. ನಿಮ್ಮನ್ನು ಬಿಟ್ಟು ಬೇರೆ ಯಾರು ಓಡಿಸ್ತಾರೆ? ಯಾರೂ ಇಲ್ಲ. ಗೊಣಗಣ್ಣ "ಹೂಂ" ಅಂದ. ಅದು ಒಳ್ಳೆಯ ಹೂಂ ಆಗಿರಲಿಲ್ಲ.

ಲಾರಿಯವನು ಕಾರನ್ನಿಳಿಸಿ, ಟೀಚರಿಗೆ ಕೈ ಮುಗಿದು ಹೋದ. ಅಷ್ಟು ಹೊತ್ತಿಗೆ ಗೇರ್ ಬಾಕ್ಸ್ ತಣ್ಣಗಾಗಿ ಕೆಂಪು ದೀಪ ಆರಿತ್ತು. ಗೊಣಗಣ್ಣ ಸೀಟಿನ ಮೇಲೆ ಒಗೆದ ಬಟ್ಟೆ ಹಾಸಿ ಕೂತ. ಸೀಟು ಎಷ್ಟು ಹಿಂದಿದೆ ಅಂತ ಮೊದಲು ಬೆರಳಿನಿಂದ ಅಳೆದ, ಆಮೇಲೆ ತನಗೆ ಬೇಕಾದಷ್ಟು ಸರಿಸಿಕೊಂಡ, ಮೂರೂ ಕನ್ನಡಿ ಸರಿಮಾಡಿಕೊಂಡ. ಟೀಚರು ಮನಸ್ಸಿನಲ್ಲೇ ಅವನಿಗೆ ಪೂರ್ತಿ ಮಾರ್ಕು ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು.

ಕಾರು ಹೊರಟಿತು. ಗೋದಾಮು ಬೀದಿಯ ಸಂದಣಿಯಲ್ಲಿ ಆಮೆಯಂತೆ ಹೋಯಿತು, ನಿಂತಿತು, ಹೊರಟಿತು, ಏರು ಹತ್ತಿತು. ಒಂದು ಸಲವೂ ಜಗ್ಗಲಿಲ್ಲ. ಹಾಲು ಹರಿದಂತೆ ಹೋಯಿತು. ಟೀಚರಿಗೆ ಅರ್ಥವಾಯಿತು. ಇವನ ಕೈಯಲ್ಲಿ ಜಗ್ಗದಿದ್ದರೆ ಕೆಟ್ಟಿರುವುದು ಕಾರಲ್ಲ. ಏರಿನಲ್ಲಿ ಮನಸ್ಸು ಹೇಳಿದ ಎರಡನೇ ಮಾತೇ ನಿಜವಾಯಿತು.

ಗೊಣಗಣ್ಣ ಮಾತ್ರ ರಸ್ತೆಯ ಜೊತೆ ಇನ್ನೇನನ್ನೋ ನೋಡುತ್ತಿದ್ದ. ಮುಂದಿನ ಗಾಡಿ ನಿಧಾನಿಸಿದಾಗಲೆಲ್ಲ ಅವನ ಕಣ್ಣು ಒಂದು ಕ್ಷಣ ಟೀಚರ ಕಾಲಿನ ಕಡೆ ಹೋಗಿ ಬರುತ್ತಿತ್ತು.

"ನೀವೇನು ಕೆಲ್ಸ ಮಾಡ್ತಿದ್ರಿ?" ಅಂತ ಕೇಳಿದ.

"ಡ್ರೈವಿಂಗ್ ಕಲಿಸ್ತಿದ್ದೆ. ಮೂವತ್ತೊಂದು ವರ್ಷ."

"ಹೂಂ" ಅಂದ ಗೊಣಗಣ್ಣ. ಈ ಸಲದ ಹೂಂ ಬೇರೆ ತರದ್ದು.

ಅಂಗಡಿಗೆ ವಾಪಸು ಬಂದು ಸೀಟನ್ನು ಬೆರಳಿನಿಂದ ಅಳೆದು ಮೊದಲಿದ್ದಲ್ಲಿಗೇ ತಂದ. ಆಮೇಲೆ ಬೆಂಚಿನ ಮೇಲಿದ್ದ ನೀಲಿ ಅಂಟಿನ ಡಬ್ಬ ತಂದು, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಕಾರೊಳಗೆ ತಲೆ ತೂರಿಸಿ ಏನೋ ಸವರಿದ. ಏನು ಅಂತ ಕೇಳಿದರೆ ಹೇಳಲಿಲ್ಲ.

"ನೀವೊಬ್ಬರೇ ಒಂದು ಸುತ್ತು ಹೋಗ್ಬನ್ನಿ. ದಿನಾ ಓಡಿಸೋ ಹಾಗೇ ಓಡಿಸಿ. ಜಾಣತನ ಮಾಡ್ಬೇಡಿ."

ಟೀಚರು ಹೋದರು. ಅದೇ ಬೀದಿ, ಅದೇ ಸಂದಣಿ, ಅದೇ ಏರು. ನಾಲ್ಕು ಸಲ ಜಗ್ಗಿತು. ವಾಪಸು ಬರುವಾಗ ಕಣ್ಣು ತುಂಬಿಕೊಂಡಿದ್ದವು. ಅಂಗಡಿ ಬರುವ ಮೊದಲೇ ಒರೆಸಿಕೊಂಡರು. ಮಾರುವುದಾದರೆ ಇದೇ ವಾರ ಮಾರಿಬಿಡಬೇಕು, ಎಳೆದಷ್ಟೂ ನೋವು, ಅಂತ ನಿರ್ಧಾರ ಮಾಡಿಕೊಂಡೇ ಇಳಿದರು.

"ಎಡಗಾಲು ಎತ್ತಿ" ಅಂದ ಗೊಣಗಣ್ಣ.

"ಯಾಕೆ?"

"ಎತ್ತಿ ಅಂದ್ನಲ್ಲ."

ಟೀಚರು ಕಾರಿಗೆ ಒರಗಿ ಎಡಗಾಲು ಎತ್ತಿದರು. ಬಿಳಿ ಕ್ಯಾನ್ವಾಸ್ ಬೂಟಿನ ಅಟ್ಟೆಯ ಮೇಲೆ, ಹೆಬ್ಬೆರಳಿನ ಕೆಳಗೆ ಸರಿಯಾಗಿ, ಕಡುನೀಲಿ ಪಟ್ಟೆ.

"ಬ್ರೇಕ್ ಪೆಡಲಿನ ಎಡ ಅಂಚಿಗೆ ಮಾತ್ರ ಸವರಿದ್ದೆ," ಅಂದ ಅವನು. "ಬಲಗಾಲು ಅಲ್ಲಿಗೆ ಬರಲ್ಲ."

ಟೀಚರಿಗೆ ಸಿಟ್ಟು ಎಲ್ಲಿತ್ತೋ ಬಂತು. "ನಾನು ಎಡಗಾಲು ಇಡ್ತೀನಿ ಅಂತೀರಾ? ಪೆಡಲ್ ಮೇಲೆ ಸುಮ್ಮನೆ ಕಾಲಿಡಬೇಡಿ ಅಂತ ಬಡ್ಕೊಂಡು ಬಡ್ಕೊಂಡು ನನ್ನ ಗಂಟಲು ಹೋಗಿದೆ. ಎಷ್ಟು ಸಾವಿರ ಜನಕ್ಕೆ ಹೇಳಿದೀನಿ ಗೊತ್ತಾ? ನಂಗೇ ಪಾಠ ಮಾಡ್ತೀರಾ?"

ಗೊಣಗಣ್ಣ ಟಾರ್ಚು ಕೊಟ್ಟು, ಪೆಡಲನ್ನು ತೋರಿಸಿದ. ಬ್ರೇಕಿನ ರಬ್ಬರಿನ ಬಲಭಾಗದ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಎಡ ಅಂಚು ಮಾತ್ರ ಸವೆದು ನುಣ್ಣಗಾಗಿತ್ತು. ಟೀಚರು ಬಗ್ಗಿ ನೋಡಿದರು, ಬೆರಳಿಟ್ಟು ನೋಡಿದರು, ಬೆರಳಿಗೂ ನೀಲಿ ಅಂಟಿತು.

"ನಾನು ಓಡಿಸುವಾಗ ನೀವು ಪಕ್ಕದಲ್ಲಿ ಕೂತು ನೆಲ ತುಳೀತಿದ್ರಿ," ಅಂದ ಅವನು. ಧ್ವನಿ ಮೊದಲ ಬಾರಿಗೆ ಸ್ವಲ್ಪ ಇಳಿದಿತ್ತು. "ನಾನು ನಿಧಾನ ಮಾಡಿದಾಗಲೆಲ್ಲ ನಿಮ್ಮ ಎಡಗಾಲು ಕ್ಲಚ್ ಹುಡುಕ್ತಿತ್ತು. ಈ ಕಾರಲ್ಲಿ ಕ್ಲಚ್ ಇಲ್ಲ. ಹುಡುಕ್ತಾ ಹುಡುಕ್ತಾ ಅಗಲವಾದ ಬ್ರೇಕಿನ ಅಂಚು ಸಿಗುತ್ತೆ, ಅಲ್ಲಿ ಕೂರುತ್ತೆ. ಜೋರಾಗಿ ಒತ್ತಲ್ಲ, ಹೂವಿನ ಹಾಗೆ. ಆದ್ರೆ ಗೇರ್ ಬಾಕ್ಸಿಗೆ ಅಷ್ಟೇ ಸಾಕು. ಬಲಗಾಲು ಹೋಗು ಅನ್ನುತ್ತೆ, ಎಡಗಾಲು ನಿಲ್ಲು ಅನ್ನುತ್ತೆ. ಅದು ಯಾರ ಮಾತು ಕೇಳ್ಬೇಕು? ಕ್ಲಚ್ ಹಿಡಿಯುತ್ತೆ, ಬಿಡುತ್ತೆ, ಹಿಡಿಯುತ್ತೆ, ಬಿಡುತ್ತೆ. ಮೊದಮೊದಲು ತಡ್ಕೊಳ್ಳುತ್ತೆ, ತಿಂಗಳುಗಟ್ಟಲೆ ಹೀಗೇ ಆದ್ರೆ ಬಿಸಿ ಆಗದೆ ಇನ್ನೇನಾಗುತ್ತೆ?"

ಟೀಚರು ಬಗ್ಗಿ ಆ ಸವೆದ ಅಂಚನ್ನು ಇನ್ನೊಂದು ಸಲ ಮುಟ್ಟಿ ನೋಡಿದರು.

"ಕಾಲು ತಪ್ಪು ಮಾಡಿಲ್ಲ," ಅಂದ ಗೊಣಗಣ್ಣ, ಡಬ್ಬದ ಮುಚ್ಚಳ ಬಿಗಿಯುತ್ತಾ. "ನೀವು ರಿಟೈರ್ ಆದ್ರಿ, ಅದು ಇನ್ನೂ ಆಗಿಲ್ಲ. ಅಷ್ಟೆ."

ಟೀಚರು ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಮೊದಲು ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ವಯಸ್ಸಾಗಿರಲಿಲ್ಲ. ಕೈ ಸೋತಿರಲಿಲ್ಲ. ನಡುಬೀದಿಯಲ್ಲಿ ಎಷ್ಟೋ ಜನರ ಜೀವ ಉಳಿಸಿದ ಆ ಎಡಗಾಲು, ಯಾರೂ ಸಾಕು ಅಂತ ಹೇಳದ್ದರಿಂದ, ಇವತ್ತಿಗೂ ಕಾವಲು ಕಾಯುತ್ತಾ ಕೂತಿತ್ತು. ಎದೆಯ ಮೇಲಿದ್ದ ಗುಂಡುಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟಂತಾಯಿತು. ಅತ್ತು ಮುಗಿಸಿ, ಮೂಗೊರೆಸಿಕೊಂಡು, ಕೇಳಲೇಬೇಕಾದದ್ದನ್ನು ಕೇಳಿದರು.

"ಗೇರ್ ಬಾಕ್ಸ್ ಬಿಚ್ಚಬೇಕಾ?"

"ಯಾಕೆ ಬಿಚ್ಚಬೇಕು? ಕ್ಲಚ್ ಎಷ್ಟು ಸವೆದಿದೆ ಅಂತ ಆಮೇಲೆ ಅಳತೆ ನೋಡ್ತೀನಿ, ಓಡಿದ ರೀತಿ ನೋಡಿದ್ರೆ ಇನ್ನೂ ವರ್ಷಗಟ್ಟಲೆ ಬರುತ್ತೆ. ಕಾದ ಎಣ್ಣೆ ಚೆಲ್ಲಿ ಹೊಸದು ಹಾಕ್ತೀನಿ, ಎಣ್ಣೆ ಸೋಸೋ ಜಾಲರಿ ಬದಲಿಸ್ತೀನಿ. ಈ ಗೇರ್ ಬಾಕ್ಸ್ ಓಡಿಸೋವ್ರನ್ನ ನೋಡಿ ಕಲಿಯುತ್ತೆ, ನಿಮ್ಮಿಂದ ಅರ್ಧಂಬರ್ಧ ಕಲ್ತಿದೆ. ಅದನ್ನ ಅಳಿಸಿ ಮೊದಲಿಂದ ಕಲಿಸ್ಬೇಕು. ಎರಡು ಗಂಟೆ ಕೆಲ್ಸ. ಬಿಚ್ಚಿ ಅಂತ ನೀವು ಕಾಲಿಗೆ ಬಿದ್ರೂ ಬಿಚ್ಚಲ್ಲ."

ಬಿಚ್ಚಲ್ಲ ಎಂಬ ಮಾತನ್ನು ಟೀಚರು ಇನ್ನೊಂದು ಸಲ ಹೇಳಿಸಿದರು. ಅವನು ಗೊಣಗುತ್ತಲೇ ಹೇಳಿದ. ಎರಡು ಗಂಟೆ ಅವರು ಅದೇ ಪೆಟ್ಟಿಗೆಯ ಮೇಲೆ ಕೂತು, ಕಪ್ಪು ಎಣ್ಣೆ ಇಳಿಯುವುದನ್ನೂ ಹೊನ್ನಿನ ಬಣ್ಣದ ಎಣ್ಣೆ ಒಳಗೆ ಹೋಗುವುದನ್ನೂ, ಅಳೆದ ಅಂಕಿಗಳನ್ನು ಅವನು ಚೀಟಿಯಲ್ಲಿ ಬರೆದು ತಮಗೇ ಕೊಡುವುದನ್ನೂ ನೋಡಿದರು.

ಕೊನೆಗೆ ಅವನು ಪಕ್ಕದ ಸೀಟಿನಲ್ಲಿ ಕೂತ, ಟೀಚರು ಸ್ಟೀರಿಂಗ್ ಹಿಡಿದರು. "ಎಡಗಾಲು ಹಿಂದಕ್ಕೆ ಎಳ್ಕೊಳ್ಳಿ. ಇನ್ನೂ ಹಿಂದಕ್ಕೆ. ಸೀಟಿನ ಬುಡಕ್ಕೆ ಹಿಮ್ಮಡಿ ತಾಗ್ಬೇಕು. ಹೂಂ, ಈಗ ಹೊರಡಿ." ಟೀಚರು ಹೊರಟರು. ಸಂದಣಿಯಲ್ಲಿ ಎಡಗಾಲು ಎರಡು ಸಲ ಮೇಲೇಳಲು ನೋಡಿತು. "ಕಾಲು" ಅಂದ ಗೊಣಗಣ್ಣ, ಟೀಚರು ಒಂದು ಕಾಲದಲ್ಲಿ ಅನ್ನುತ್ತಿದ್ದ ಅದೇ ಗಡಸು ಧ್ವನಿಯಲ್ಲಿ. ಟೀಚರು ಕಾಲು ಹಿಂದಕ್ಕೆಳೆದುಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ "ಸರಿ" ಅಂದರು. ಏರಿನಲ್ಲಿ ಕಾರು ನಿಂತಿತು, ಹೊರಟಿತು, ನಿಂತಿತು, ಹೊರಟಿತು. ಒಮ್ಮೆಯೂ ಜಗ್ಗಲಿಲ್ಲ.

ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ದರ್ಜಿಯವರು ಮುಂದಿನ ಕೋಣೆಯಲ್ಲಿ ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದರು. ತಲೆ ಎತ್ತಲಿಲ್ಲ.

"ಬಿಚ್ಚಿದ್ರಾ?" ಅಂತ ಕೇಳಿದರು.

"ಇಲ್ಲ."

"ನಾಳೆ ಬಿಚ್ತಾರಾ?"

"ನಾಳೇನೂ ಇಲ್ಲ, ನಾಡಿದ್ದೂ ಇಲ್ಲ. ಗೇರ್ ಬಾಕ್ಸ್ ಗಟ್ಟಿಯಾಗಿದೆ. ಬಿಚ್ಚಿ ಅಂತ ಕಾಲಿಗೆ ಬಿದ್ರೂ ಬಿಚ್ಚಲ್ಲ ಅಂದ." ಟೀಚರು ಬೂಟು ಕಳಚಿ, ನೀಲಿ ಪಟ್ಟೆ ಬಿದ್ದ ಅಟ್ಟೆಯನ್ನು ಮೇಜಿನ ಮೇಲೇ ಇಟ್ಟು, ನಡೆದದ್ದೆಲ್ಲವನ್ನೂ ಹೇಳಿದರು. ಸುಟ್ಟ ಪ್ಲೇಟನ್ನೂ ಬಿಡಲಿಲ್ಲ, ತಾವು ಅತ್ತದ್ದನ್ನೂ ಬಿಡಲಿಲ್ಲ.

ಗಂಡ ಕತ್ತರಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಗೇಲಿ ಮಾಡುತ್ತಾರೆ ಅಂತ ಟೀಚರು ಕಾದರು. ಮಾಡಲಿಲ್ಲ. ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡು, "ಅಬ್ಬ" ಅಂದರು, ಬಹಳ ಮೆಲ್ಲಗೆ.

ಆಗ ಟೀಚರ ಕಣ್ಣು ಮೇಜಿನ ಮೇಲಿದ್ದ ಕೋಟಿನ ಮೇಲೆ ಬಿತ್ತು. ಬೂದು ಬಣ್ಣದ ಒಳ್ಳೆಯ ಬಟ್ಟೆ, ಎರಡೂ ತೋಳು ಕೂಡಿಸಿ ಹೊಲಿದಿತ್ತು. ಒಂದು ತೋಳು ಸರಿಯಾಗಿ ಮುಂದಕ್ಕೆ ಬಾಗಿತ್ತು, ಇನ್ನೊಂದು ಬೆನ್ನಿನ ಕಡೆಗೆ ತಿರುಚಿಕೊಂಡಿತ್ತು.

"ಇದೇನ್ರೀ? ಎರಡೂ ಎಡಗೈ ತೋಳೇ ಕೂರಿಸಿದ್ದೀರಲ್ಲ."

ನಲವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದ ಮನುಷ್ಯ ಕೋಟನ್ನು ಎತ್ತಿ ನೋಡಿದರು, ತಿರುಗಿಸಿ ನೋಡಿದರು. "ಬೆಳಗ್ಗೆಯಿಂದ ಮನಸ್ಸು ಇಲ್ಲಿರಲಿಲ್ಲ," ಅಂದರು. "ಈ ಮನೆಗೆ ನೀನು ಮೂವತ್ತು ವರ್ಷ ಸೋತು ಸೊಪ್ಪಾಗಿ ಬರ್ತಿದ್ದೆ. ಈ ನಾಲ್ಕು ತಿಂಗಳು ಹಾಡ್ಕೊಂಡು ಬರ್ತಿದ್ದೆ. ಆ ಮಾತು ವಾಪಸ್ ತಗೋ ಅಂತ ನಾನು ಹೇಳ್ಬಹುದಿತ್ತು, ಹೇಳಿದ್ರೂ ನೀನು ತಗೊಳ್ತಿರಲಿಲ್ಲ. ನೀನು ಮಾತಿಗೆ ತಪ್ಪಲ್ಲ. ಅದೇ ನಂಗೆ ಭಯ ಆಗಿತ್ತು."

ಟೀಚರು ಇನ್ನೊಂದು ಸ್ಟೂಲು ಎಳೆದುಕೊಂಡು ಗಂಡನ ಪಕ್ಕದಲ್ಲಿ ಕೂತರು. ಕೋಟಿನ ಒಂದು ತುದಿಯನ್ನು ತಮ್ಮ ಮಡಿಲಿಗೆ ಹಾಕಿಕೊಂಡು, ಸಣ್ಣ ಕತ್ತರಿ ತೆಗೆದುಕೊಂಡು, ತಪ್ಪು ತೋಳಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು.